ಎಕ್ಸ್‌ಚೇಂಜ್ ಇಲ್ಲದ ಡಯಲ್ ಫೋನ್: ಒಂದು ಪ್ರಕರಣ ಅಧ್ಯಯನ

ತಾಮ್ರದ ತಂತಿಯ ಲೈನ್ ತೆಗೆದು ಫೈಬರ್ ಹಾಕಿದ ಒಂದು ಮನೆಯ ಪ್ರಕರಣ ಇದು. ಅಲ್ಲಿದ್ದದ್ದು ಬೇಕಲೈಟ್ ಮೈಯ ಕಪ್ಪು ಡಯಲ್ ಫೋನ್. ಬಳಸುವವರು ಎಂಬತ್ತು ದಾಟಿದ ಹಿರಿಯರು. ಕಣ್ಣು ಮಂದವಾಗಿದೆ, ಆದರೆ ಡಯಲ್‌ನ ತೂತುಗಳು ಅವರ ಬೆರಳಿಗೆ ಚೆನ್ನಾಗಿ ಗೊತ್ತು. ಕೊನೆಯ ತೂತಿನಿಂದ ಎಣಿಸಿಕೊಂಡು ಬಂದು ನಂಬರ್ ತಿರುಗಿಸುತ್ತಾರೆ. ಗುಂಡಿ ಒತ್ತುವ ಫೋನ್ ಕೊಟ್ಟರೆ ಎರಡು ಗುಂಡಿ ಒಟ್ಟಿಗೆ ಒತ್ತಿಹೋಗುತ್ತದೆ. ಮೊಬೈಲಿನ ಗಾಜಿನ ಮೇಲಂತೂ ಬೆರಳಿಗೆ ಗುರುತೇ ಸಿಗುವುದಿಲ್ಲ. ಹಾಗಾಗಿ ಹಳೇ ಫೋನ್ ಉಳಿಸಬೇಕು ಅನ್ನುವುದು ಇಲ್ಲಿ ಬರೀ ಹಳೇ ವಸ್ತುವಿನ ಮೇಲಿನ ಪ್ರೀತಿ ಅಲ್ಲ. ಅವರು ತಾವಾಗಿಯೇ ಯಾರಿಗಾದರೂ ಫೋನ್ ಮಾಡಬೇಕೆಂದರೆ ಇದೊಂದೇ ದಾರಿ.

ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯ ಹಿಂದೆ ಫೋನಿಗೆ ಅಂತಲೇ ಒಂದು ಕಿಂಡಿ ಇತ್ತು. ಮನೆಯವರು ಹಳೇ ಫೋನನ್ನು ಅದಕ್ಕೆ ಸಿಕ್ಕಿಸಿದ್ದರು. ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ಒಂದು ಅಂಕಿ ತಿರುಗಿಸಿ ಬಿಟ್ಟ ಮೇಲೂ ಅದೇ ಟೋನ್. ಇಡೀ ನಂಬರ್ ತಿರುಗಿಸಿದರೂ ಅದೇ ಟೋನ್. ಹೊರಗಿನಿಂದ ಕರೆ ಬಂದರೆ ಗಂಟೆ ಹೊಡೆಯುತ್ತಿರಲಿಲ್ಲ.

ನನ್ನ ಕೈಗೆ ಬಂದಾಗ ಮನೆಯವರ ಷರತ್ತು ಎರಡೇ. ಫೋನ್ ನೋಡಲು, ಮುಟ್ಟಲು ಮೊದಲಿನ ಹಾಗೇ ಇರಬೇಕು. ಒಳಗಿನದನ್ನು ಕಿತ್ತು ಬಿಸಾಡಬಾರದು. ನಾನು ಇನ್ನೊಂದು ಸೇರಿಸಿದೆ: ಏನು ಮಾಡಿದರೂ ಅದನ್ನು ಮತ್ತೆ ತೆಗೆದು ಮೊದಲಿನ ಸ್ಥಿತಿಗೆ ತರುವಂತಿರಬೇಕು.

ಎಕ್ಸ್‌ಚೇಂಜ್ ಏನೇನು ಮಾಡುತ್ತಿತ್ತು

ಡಯಲ್ ಫೋನ್ ತಾನಾಗಿ ಮಾಡುವುದು ತುಂಬಾ ಕಡಿಮೆ. ಕೆಲಸವೆಲ್ಲಾ ತಂತಿಯ ಆ ತುದಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ನಡೆಯುತ್ತಿತ್ತು. ಎಕ್ಸ್‌ಚೇಂಜ್ ಸುಮಾರು 48 ವೋಲ್ಟ್ ಡಿಸಿಯನ್ನು ಯಾವಾಗಲೂ ಲೈನಿನ ಮೇಲೆ ಇಟ್ಟಿರುತ್ತಿತ್ತು. ರಿಸೀವರ್ ಎತ್ತಿದರೆ ಸರ್ಕ್ಯೂಟ್ ಮುಚ್ಚಿ 20 ಮಿಲಿಆಂಪ್‌ಗಿಂತ ಜಾಸ್ತಿ ಕರೆಂಟ್ ಹರಿಯುತ್ತಿತ್ತು. ಅದನ್ನು ನೋಡಿಯೇ ಎಕ್ಸ್‌ಚೇಂಜ್‌ಗೆ ‘ಯಾರೋ ಫೋನ್ ಎತ್ತಿದರು’ ಅಂತ ಗೊತ್ತಾಗುತ್ತಿತ್ತು. ಡಯಲ್ ತಿರುಗಿಸಿ ಬಿಟ್ಟಾಗ, ಅದು ವಾಪಸ್ ಬರುವ ದಾರಿಯಲ್ಲಿ ಈ ಕರೆಂಟನ್ನು ಕಡಿದು ಕಡಿದು ಬಿಡುತ್ತದೆ. 3 ತಿರುಗಿಸಿದರೆ ಮೂರು ಸಲ, 0 ತಿರುಗಿಸಿದರೆ ಹತ್ತು ಸಲ. ಸೆಕೆಂಡಿಗೆ ಹತ್ತು ಕಡಿತದ ಲೆಕ್ಕ. ಎಕ್ಸ್‌ಚೇಂಜ್ ಅದನ್ನು ಎಣಿಸುತ್ತಿತ್ತು. ಕರೆ ಬಂದಾಗ ಗಂಟೆಗೆ ಬೇಕಾದ 75ರಿಂದ 90 ವೋಲ್ಟಿನ ಎಸಿಯನ್ನೂ ಅದೇ ಕಳಿಸುತ್ತಿತ್ತು. ಕರೆಂಟ್ ಹೋದರೂ ಫೋನ್ ನಡೆಯುತ್ತಿದ್ದದ್ದು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ.

ಆಲ್ಮನ್ ಸ್ಟ್ರೌಜರ್ ಅವರ ಆಟೋಮ್ಯಾಟಿಕ್ ಎಕ್ಸ್‌ಚೇಂಜಿಗೆ ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಬೆರಳು ಹಾಕಿ ತಿರುಗಿಸುವ ಡಯಲ್ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ. 1963ರಲ್ಲಿ ಅಮೆರಿಕದ ಬೆಲ್ ಕಂಪನಿ ಗುಂಡಿ ಒತ್ತುವ ಟೋನ್ ಫೋನ್ ಶುರು ಮಾಡಿತು. 1 ಒತ್ತಿದರೆ 697 ಮತ್ತು 1209 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. ಮಾಮೂಲಿ ಫೋನನ್ನು ಇಂಟರ್ನೆಟ್‌ಗೆ ಜೋಡಿಸುವ ಇಂದಿನ ಅಡಾಪ್ಟರುಗಳು ಹುಟ್ಟಿದ್ದೇ ಈ ಟೋನ್ ಕಾಲದಲ್ಲಿ. ಕಡಿತ ಎಣಿಸುವ ಗೋಜಿಗೆ ಅವುಗಳಲ್ಲಿ ಎಷ್ಟೋ ಹೋಗುವುದೇ ಇಲ್ಲ. ಹಾಗಾಗಿ ಡಯಲ್ ತಿರುಗಿಸಿದರೂ ಡಯಲ್ ಟೋನ್ ನಿಲ್ಲುವುದಿಲ್ಲ. ಫೋನ್ ತನ್ನ ಮಾತು ಹೇಳುತ್ತಲೇ ಇದೆ, ಕೇಳಿಸಿಕೊಳ್ಳುವವರು ಇಲ್ಲ.

ಈ ಕೆಲಸ ಮಾಡುವಾಗ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಎಕ್ಸ್‌ಚೇಂಜ್ ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಈಗ ಯಾರು ಮಾಡುತ್ತಿದ್ದಾರೆ? ಈ ಮನೆಯಲ್ಲಿ ಎದುರಾದ ತೊಂದರೆಗಳಲ್ಲಿ ಹೆಚ್ಚಿನವು, ಯಾರೂ ವಹಿಸಿಕೊಳ್ಳದೆ ಬಿಟ್ಟ ಇಂಥ ಒಂದೊಂದು ಕೆಲಸ.

ಯಾವ ದಾರಿ ಹಿಡಿಯುವುದು

ದಾರಿ ಮೂರು ಇದ್ದವು. ಫೋನಿನ ಹೊಟ್ಟೆ ಖಾಲಿ ಮಾಡಿ ಒಳಗೆ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಕೂರಿಸುವುದು ಮೊದಲನೆಯದು. ಅಂತರ್ಜಾಲದಲ್ಲಿ ಇಂಥ ಕೆಲಸ ಬೇಕಾದಷ್ಟು ಸಿಗುತ್ತದೆ. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಚೆನ್ನಾಗಿ ನಡೆಯುವ ಗಂಟೆ, ಕಾಯಿಲ್, ಮೈಕ್ ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಫೋನಿನ ಆಕಾರದ ಡಬ್ಬಿ. ಎರಡನೆಯದು, ಫೋನ್ ಮತ್ತು ಕಂಪನಿಯ ಪೆಟ್ಟಿಗೆಯ ನಡುವೆ ಪಲ್ಸ್ ಅನ್ನು, ಅಂದರೆ ಡಯಲ್‌ನ ಆ ಕಡಿತಗಳನ್ನು, ಟೋನ್ ಮಾಡುವ ಚಿಕ್ಕ ಕನ್ವರ್ಟರ್ ಹಾಕುವುದು. ಇದು ಒಳ್ಳೆಯ ದಾರಿ. ಕಂಪನಿಯವರು ತಮ್ಮ ಪೆಟ್ಟಿಗೆ ಬಿಟ್ಟು ಬೇರೇನೂ ಬಳಸಲು ಬಿಡದಿದ್ದರೆ ಇದೇ ಸರಿ. ಮೂರನೆಯದು, ಪಲ್ಸ್ ಅರ್ಥವಾಗುವ ಅಡಾಪ್ಟರನ್ನೇ ತರುವುದು. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801ರಂಥ ಕೆಲವು ಅಡಾಪ್ಟರುಗಳ ಸೆಟ್ಟಿಂಗ್‌ನಲ್ಲಿ ಪಲ್ಸ್ ಡಯಲಿಂಗ್ ಆನ್ ಮಾಡುವ ಆಯ್ಕೆಯೇ ಇದೆ.

ಈ ಮನೆಯವರು ಸೇವೆ ಕೊಡುವವರನ್ನು ಕೇಳಿದಾಗ ಸಿಪ್ ಖಾತೆಯ (ಇಂಟರ್ನೆಟ್ ಮೂಲಕ ಕರೆ ಮಾಡುವ ಖಾತೆಯ) ಹೆಸರು, ಪಾಸ್‌ವರ್ಡ್, ಸರ್ವರ್ ವಿಳಾಸ ಸಿಕ್ಕಿತು. ಇದನ್ನು ಮೊದಲೇ ಕೇಳಿಕೊಳ್ಳಬೇಕು, ಎಲ್ಲರೂ ಕೊಡುವುದಿಲ್ಲ. ಸಿಕ್ಕಿದ್ದರಿಂದ ಮೂರನೇ ದಾರಿ ಹಿಡಿದೆವು. ಪಲ್ಸ್ ಆಯ್ಕೆ ಇರುವ ಅಡಾಪ್ಟರ್ ಒಂದನ್ನು ತಂದೆವು. ಒಂದು ಕಡೆ ರೌಟರಿಗೆ ನೆಟ್‌ವರ್ಕ್ ಕೇಬಲ್, ಇನ್ನೊಂದು ಕಡೆ ಫೋನಿನ ಎರಡು ತಂತಿ.

ಇಲ್ಲೊಂದು ಎಚ್ಚರಿಕೆ. ಗೋಡೆಯೊಳಗಿನ ಹಳೇ ಫೋನ್ ವೈರಿಂಗನ್ನೇ ಬಳಸುವುದಾದರೆ, ಹೊರಗಿನಿಂದ ಬರುವ ಲೈನನ್ನು ಮೊದಲು ಬಿಡಿಸಿ. ಆ ತಂತಿಯಲ್ಲಿ ಇನ್ನೂ ಜೀವ ಇದ್ದರೆ ಅಡಾಪ್ಟರ್ ಸುಟ್ಟುಹೋಗಬಹುದು. ಗಂಟೆಯ ವೋಲ್ಟೇಜ್ ಕೈಗೆ ಹೊಡೆಯುವಷ್ಟು ಇರುತ್ತದೆ. ಆದ್ದರಿಂದ ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಲಿ.

ಡಯಲ್

ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಮತ್ತು ಅತಿ ಹೆಚ್ಚು ಕಲಿಸಿದ್ದೂ ಇದೇ.

ಪಲ್ಸ್ ಆಯ್ಕೆ ಆನ್ ಮಾಡಿದ ಕೂಡಲೇ ಟೋನ್ ನಿಂತಿತು. ಮೊದಲ ಅಂಕಿಗೇ ನಿಂತಿತು. ಆದರೆ ನಂಬರ್ ತಪ್ಪು ಹೋಗುತ್ತಿತ್ತು. ಅಡಾಪ್ಟರಿನ ಲಾಗ್ (ಅದು ಬರೆದಿಡುವ ದಾಖಲೆ) ತೆರೆದು ನೋಡಿದರೆ 1, 2, 3 ಸರಿ ಬರುತ್ತಿದ್ದವು. 8, 9, 0 ಮಾತ್ರ ಏನೇನೋ ಆಗುತ್ತಿದ್ದವು. 9 ತಿರುಗಿಸಿದರೆ ಒಮ್ಮೆ 8, ಇನ್ನೊಮ್ಮೆ 4 ಮತ್ತು 5 ಅಂತ ಎರಡು ಅಂಕಿ. ಪಲ್ಸ್ ಜಾಸ್ತಿಯಾದಷ್ಟೂ ತಪ್ಪುವ ಅವಕಾಶ ಜಾಸ್ತಿ ಅಲ್ವಾ? ಹಾಗಾಗಿ ಕಣ್ಣು ಹೋದದ್ದು ಡಯಲ್‌ನ ವೇಗದ ಮೇಲೆ.

ಅಳೆಯುವುದು ಕಷ್ಟವಲ್ಲ. ಫೋನನ್ನು ಲೈನಿನಿಂದ ಬಿಡಿಸಿ, 9 ವೋಲ್ಟ್ ಬ್ಯಾಟರಿ ಮತ್ತು ರೆಸಿಸ್ಟರ್ ಜತೆ ಸರಣಿಯಲ್ಲಿ ಹಾಕಿದೆ. ಅದರಿಂದ ಬರುವ ಸಿಗ್ನಲ್ಲನ್ನು ತಗ್ಗಿಸಿ ಕಂಪ್ಯೂಟರಿನ ಆಡಿಯೋ ಇನ್‌ಪುಟ್‌ಗೆ ಕೊಟ್ಟು, ಆಡಾಸಿಟಿ ಅನ್ನುವ ಆಡಿಯೋ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದೆ. 0 ತಿರುಗಿಸಿ ಬಿಟ್ಟರೆ ಪರದೆಯ ಮೇಲೆ ಹತ್ತು ಮುಳ್ಳು ಸಾಲಾಗಿ ಏಳುತ್ತವೆ. ಮೊದಲ ಮುಳ್ಳಿನಿಂದ ಹತ್ತನೆಯದಕ್ಕೆ 0.9 ಸೆಕೆಂಡ್ ಇರಬೇಕು. ಇಲ್ಲಿ ಹತ್ತಿರ ಹತ್ತಿರ 1.25 ಸೆಕೆಂಡ್ ಇತ್ತು. ಅಂದರೆ ಸೆಕೆಂಡಿಗೆ ಏಳರ ಆಸುಪಾಸು. ಅದಕ್ಕಿಂತ ಕೆಟ್ಟದ್ದು, ಮುಳ್ಳುಗಳ ನಡುವಿನ ಅಂತರ ಒಂದೇ ಸಮ ಇರಲಿಲ್ಲ. ನಡುವೆ ಒಂದು ಕಡೆ ಡಯಲ್ ತಡವರಿಸಿ ಮುಂದೆ ಹೋದದ್ದು ಎದ್ದು ಕಾಣುತ್ತಿತ್ತು. ಅಡಾಪ್ಟರಿಗೆ ಆ ತಡವರಿಕೆ ‘ಒಂದು ಅಂಕಿ ಮುಗಿಯಿತು’ ಅನ್ನುವ ಹಾಗೆ ಕೇಳಿಸಿತ್ತು.

ಡಯಲ್ ವಾಪಸ್ ಬರುವ ವೇಗವನ್ನು ಹಿಡಿದಿಡುವುದು ಗವರ್ನರ್ ಅನ್ನುವ ಚಿಕ್ಕ ಭಾಗ. ಸಣ್ಣ ಅಡ್ಡಕಡ್ಡಿಯ ಎರಡು ತುದಿಗೆ ಪುಟ್ಟ ತೂಕಗಳು. ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಇದು ಜೋರಾಗಿ ಸುತ್ತುತ್ತದೆ. ವೇಗ ಹೆಚ್ಚಿದರೆ ತೂಕಗಳು ಹೊರಕ್ಕೆ ಚಾಚಿ ಸುತ್ತಲಿನ ಬಟ್ಟಲಿನ ಗೋಡೆಗೆ ಉಜ್ಜುತ್ತವೆ. ಆಗ ವೇಗ ತಗ್ಗುತ್ತದೆ. ಈ ಫೋನಿನಲ್ಲಿ ಗವರ್ನರ್ ಕೆಟ್ಟಿರಲಿಲ್ಲ. ಅದರ ಬೇರಿಂಗಿಗೆ ಎಂದೋ ಹಾಕಿದ ಎಣ್ಣೆ ಒಣಗಿ ಕಂದು ಅಂಟಾಗಿತ್ತು, ಅಷ್ಟೇ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಸಣ್ಣ ಬ್ರಷ್‌ನಿಂದ ಆ ಅಂಟನ್ನು ಬಿಡಿಸಿದೆ. ಒಣಗಲು ಬಿಟ್ಟು, ಗಡಿಯಾರಕ್ಕೆ ಹಾಕುವ ತೆಳು ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಎತ್ತಿಕೊಂಡು ಬೇರಿಂಗಿಗೆ ಮುಟ್ಟಿಸಿದೆ. ತೂಕಗಳು ಉಜ್ಜುವ ಬಟ್ಟಲಿಗೆ ಎಣ್ಣೆ ಸೋಕಬಾರದು. ಸೋಕಿದರೆ ಡಯಲ್ ಹಿಡಿತವಿಲ್ಲದೆ ಓಡುತ್ತದೆ. ಎಲ್ಲದಕ್ಕೂ ಒಂದೇ ಸ್ಪ್ರೇ ಹೊಡೆಯುವ ಅಭ್ಯಾಸ ಇಲ್ಲಿ ದೊಡ್ಡ ಅಪಾಯ. ಪಲ್ಸ್ ಕಡಿಯುವ ಕಾಂಟ್ಯಾಕ್ಟುಗಳ ನಡುವೆ ಶುಚಿಯಾದ ಗಟ್ಟಿ ಕಾಗದದ ಪಟ್ಟಿ ಇಟ್ಟು ಮೆಲ್ಲಗೆ ಎಳೆದೆ. ಕಾಗದಕ್ಕೆ ಕಪ್ಪು ಗೆರೆ ಹತ್ತಿತು. ಗೆರೆ ಬರುವುದು ನಿಲ್ಲುವ ತನಕ ಎಳೆದೆ. ಮರಳು ಕಾಗದ ಬೇಡವೇ ಬೇಡ, ಕಾಂಟ್ಯಾಕ್ಟಿನ ಮೇಲ್ಮೈಯೇ ಹೊರಟುಹೋಗುತ್ತದೆ.

ಮತ್ತೆ ರೆಕಾರ್ಡ್ ಮಾಡಿದಾಗ ಮೊದಲ ಮುಳ್ಳಿನಿಂದ ಹತ್ತನೆಯದಕ್ಕೆ 0.92 ಸೆಕೆಂಡ್. ಅಂತರಗಳೂ ಸಮವಾದವು. ಗವರ್ನರಿನ ಸ್ಪ್ರಿಂಗ್ ಬಗ್ಗಿಸಿ ವೇಗ ಹೊಂದಿಸುವ ಅಗತ್ಯ ಬೀಳಲಿಲ್ಲ. ಶುಚಿ ಮಾಡುವ ಮುಂಚೆಯೇ ಅದನ್ನು ಬಗ್ಗಿಸಲು ಹೋಗುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಅಂಟು ಬಿಟ್ಟಾಗ ವೇಗ ಎಲ್ಲಿಗೋ ಹೋಗುತ್ತದೆ.

ಡಯಲ್ ವಿಷಯದಲ್ಲಿ ಇನ್ನೊಂದು ಮಾತು. ಎಲ್ಲಾ ದೇಶದಲ್ಲೂ ಅಂಕಿಗೂ ಪಲ್ಸಿಗೂ ಒಂದೇ ಲೆಕ್ಕ ಇರಲಿಲ್ಲ. ಸ್ವೀಡನ್ನಿನಲ್ಲಿ 0ಗೆ ಒಂದು ಪಲ್ಸ್, 1ಕ್ಕೆ ಎರಡು, ಹೀಗೆ ಸಾಗುತ್ತದೆ. ನ್ಯೂಜಿಲೆಂಡಿನಲ್ಲಿ 1ಕ್ಕೆ ಒಂಬತ್ತು, 9ಕ್ಕೆ ಒಂದು. ಅಲ್ಲಿಂದ ಬಂದ ಫೋನಾದರೆ ಎಷ್ಟೇ ಶುಚಿ ಮಾಡಿದರೂ ನಂಬರ್ ತಪ್ಪೇ ಹೋಗುತ್ತದೆ. ಪಲ್ಸ್ ಬಲ್ಲ ಅಡಾಪ್ಟರುಗಳಲ್ಲಿ ಕೆಲವು ಇದಕ್ಕೂ ಆಯ್ಕೆ ಕೊಡುತ್ತವೆ. ಈ ಫೋನ್ ಮಾಮೂಲಿ ಲೆಕ್ಕದ್ದೇ, 0ಗೆ ಹತ್ತು.

ಗಂಟೆ

ಗಂಟೆ ಹೊಡೆಯದೇ ಇದ್ದದ್ದಕ್ಕೆ ಕಾರಣ ಫೋನಿನ ವೈರಿನಲ್ಲೇ ಇತ್ತು. ಫೋನಿನಿಂದ ಮೂರು ತಂತಿ ಹೊರಬರುತ್ತಿದ್ದವು. ಮಾತಿಗೆ ಎರಡು ಸಾಕು. ಮೂರನೆಯದು ಗಂಟೆಯ ಒಂದು ತುದಿ. ಹಿಂದೆ ಅದು ಗೋಡೆಯ ಪೆಟ್ಟಿಗೆಯೊಳಗೆ ಬೇರೆ ಕಡೆ ಸೇರುತ್ತಿತ್ತು. ಈಗ ಅಡಾಪ್ಟರಿನ ಕಿಂಡಿಗೆ ಎರಡೇ ತಂತಿ ಹೋಗುವುದರಿಂದ ಗಂಟೆಯ ಸರ್ಕ್ಯೂಟ್ ಅರ್ಧಕ್ಕೇ ನಿಂತಿತ್ತು. ಆ ಮೂರನೇ ತಂತಿಯನ್ನು ಫೋನಿನೊಳಗೆ ಲೈನಿನ ಒಂದು ತಂತಿಯ ಸ್ಕ್ರೂಗೆ ಸೇರಿಸಿದೆ. ಬೆಸುಗೆ ಇಲ್ಲ, ಕತ್ತರಿ ಇಲ್ಲ.

ಗಂಟೆಗೆ ಜೀವ ಬಂತು. ಆದರೆ ಮೊದಲ ‘ಟ್ರಿಣ್’ ಮುಗಿಯುವಷ್ಟರಲ್ಲಿ ಕರೆ ತಾನಾಗಿಯೇ ಎತ್ತಿಕೊಳ್ಳುತ್ತಿತ್ತು. ರಿಸೀವರ್ ಮುಟ್ಟಿದವರೇ ಇಲ್ಲ. ಇದು ಹಳೇ ಫೋನುಗಳ ಮಾಮೂಲಿ ಕಾಯಿಲೆ. ಗಂಟೆಯ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ, ಸುಮಾರು 2 ಮೈಕ್ರೋಫ್ಯಾರಡ್‌ನದು. ಗಂಟೆಯ ಎಸಿಯನ್ನು ಒಳಗೆ ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ಕಾಗದದ ಹಳೇ ಕೆಪಾಸಿಟರ್ ವಯಸ್ಸಾದಂತೆ ಸೋರತೊಡಗುತ್ತದೆ. ಸೋರಿದ ಡಿಸಿ ನೋಡಿದ ಅಡಾಪ್ಟರ್ ‘ಫೋನ್ ಎತ್ತಿದರು’ ಅಂದುಕೊಳ್ಳುತ್ತದೆ.

ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಈ ಸೋರಿಕೆ ಸರಿಯಾಗಿ ಕಾಣಲಿಲ್ಲ. ಮೀಟರ್ ಕೊಡುವ ವೋಲ್ಟೇಜ್ ತುಂಬಾ ಕಡಿಮೆ. ಲೈನಿನ ಪೂರ್ತಿ ವೋಲ್ಟೇಜ್ ಇದ್ದಾಗ ಮೀಟರನ್ನು ಸರಣಿಯಲ್ಲಿ ಹಾಕಿದಾಗ ಸಿಕ್ಕಿಬಿತ್ತು. ರಿಸೀವರ್ ಇಟ್ಟಿದ್ದರೂ ಕೆಲವು ಮಿಲಿಆಂಪ್ ಹರಿಯುತ್ತಿತ್ತು. ಅಲ್ಲಿ ಸೊನ್ನೆ ಇರಬೇಕು. ಹಳೇ ಕೆಪಾಸಿಟರಿನ ಒಂದು ತಂತಿಯನ್ನು ಸ್ಕ್ರೂನಿಂದ ಬಿಡಿಸಿ ಟೇಪ್ ಸುತ್ತಿದೆ. ಅದರ ಜಾಗಕ್ಕೆ 2.2 ಮೈಕ್ರೋಫ್ಯಾರಡ್, 250 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಜೋಡಿಸಿದೆ. ಹಳೆಯದರ ಡಬ್ಬಿ ಇದ್ದಲ್ಲೇ ಇದೆ.

ಕರೆ ತಾನಾಗಿ ಎತ್ತಿಕೊಳ್ಳುವುದು ನಿಂತಿತು. ಈಗ ಸದ್ದು ಸಾಲದು. ಹಿರಿಯರು ಪಕ್ಕದ ಕೋಣೆಯಲ್ಲಿದ್ದರೆ ಕೇಳಿಸದು. ಗಂಟೆಯ ಎಸಿ ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿಗೆ 20 ಸುತ್ತು, ಬ್ರಿಟಿಷ್ ಪದ್ಧತಿಯಲ್ಲಿ 25. ಈ ಗಂಟೆ 25ಕ್ಕೆ ಮಾಡಿದ್ದು, ಅಡಾಪ್ಟರ್ 20 ಕಳಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ 25 ಮಾಡಿ, ಗಂಟೆಯ ವೋಲ್ಟೇಜ್ ಆಯ್ಕೆಯನ್ನು ಒಂದು ಮೆಟ್ಟಿಲು ಏರಿಸಿದೆ. ಸದ್ದು ತುಂಬಿಕೊಂಡಿತು. ‘ಟ್ರಿಣ್ ಟ್ರಿಣ್’ ಅಂತ ಎರಡು ಸಲ, ಆಮೇಲೆ ಎರಡು ಸೆಕೆಂಡ್ ಮೌನ. ಈ ತಾಳವನ್ನೂ ಅಡಾಪ್ಟರಿನಲ್ಲೇ ಹೊಂದಿಸಬಹುದು. 0.4 ಸೆಕೆಂಡ್ ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, 2 ಸೆಕೆಂಡ್ ಬಿಡುವು. ಹಿರಿಯರ ಕಿವಿ ದಶಕಗಳಿಂದ ಕೇಳಿದ ತಾಳ ಇದೇ. ತಾಳ ಬದಲಾದರೆ ಅದು ಯಾವುದೋ ಯಂತ್ರದ ಸದ್ದು ಅಂದುಕೊಂಡು ಸುಮ್ನೆ ಕೂತುಬಿಡುವ ಸಾಧ್ಯತೆ ಇತ್ತು. ಅದಕ್ಕೇ ಇದರ ಬಗ್ಗೆ ಅಷ್ಟು ಗಮನ ಕೊಟ್ಟದ್ದು.

ಗಂಟೆಯ ಸುತ್ತಿಗೆಯನ್ನು ಒಂದು ಕಡೆಗೆ ಎಳೆದು ಹಿಡಿಯುವ ಚಿಕ್ಕ ಸ್ಪ್ರಿಂಗ್ ಇರುತ್ತದೆ. ಅದನ್ನು ಸಡಿಲ ಮಾಡಿದರೆ ಗಂಟೆ ಇನ್ನೂ ಜೋರಾಗುತ್ತದೆ ನಿಜ. ಆದರೆ ಆಗ ಡಯಲ್ ತಿರುಗಿಸುವಾಗೆಲ್ಲಾ ಪ್ರತಿ ಪಲ್ಸಿಗೂ ಗಂಟೆ ಮೆಲ್ಲಗೆ ಮಿಡಿಯುತ್ತದೆ. ಇಲ್ಲಿ ಅದನ್ನು ಮುಟ್ಟಲಿಲ್ಲ.

ಕಾಯುವ ಕೆಲಸ

ಡಯಲ್ ಸರಿ, ಗಂಟೆ ಸರಿ. ನಾನು ತಿರುಗಿಸಿದರೆ ಕರೆ ಹೋಗುತ್ತಿತ್ತು. ಹಿರಿಯರು ತಿರುಗಿಸಿದರೆ ಅರ್ಧ ನಂಬರಿಗೇ ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಅಂತ ಬರುತ್ತಿತ್ತು. ಪಕ್ಕದಲ್ಲಿ ಕೂತು ಅವರ ಕೈ ನೋಡಿದೆ. ಒಂದು ಅಂಕಿ ತಿರುಗಿಸುತ್ತಾರೆ. ಡಯಲ್ ಪೂರ್ತಿ ವಾಪಸ್ ಬರುವ ತನಕ ಬೆರಳನ್ನು ಮೇಲೆ ಹಿಡಿದಿರುತ್ತಾರೆ. ಆಮೇಲೆ ಮುಂದಿನ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡು, ತೂತುಗಳನ್ನು ಎಣಿಸಿ, ಬೆರಳು ಹಾಕುತ್ತಾರೆ. ಇಷ್ಟಕ್ಕೆ ಐದಾರು ಸೆಕೆಂಡ್. ಅಡಾಪ್ಟರ್ ನಾಲ್ಕು ಸೆಕೆಂಡ್ ಕಾದು, ನಂಬರ್ ಮುಗಿಯಿತು ಅಂತ ತೀರ್ಮಾನಿಸಿ ಕರೆ ಕಳಿಸಿಬಿಡುತ್ತಿತ್ತು. ಗುಂಡಿ ಒತ್ತುವ ಬೆರಳಿಗೆ ನಾಲ್ಕು ಸೆಕೆಂಡ್ ಧಾರಾಳ, ಡಯಲ್‌ಗೆ ಸಾಲದು.

ಕಾಯುವ ಹೊತ್ತನ್ನು 12 ಸೆಕೆಂಡಿಗೆ ಏರಿಸಿದೆ. ಅದರಿಂದ ಹೊಸ ತೊಂದರೆ. ನಂಬರ್ ಮುಗಿದ ಮೇಲೂ 12 ಸೆಕೆಂಡ್ ಏನೂ ಕೇಳಿಸುವುದಿಲ್ಲ. ಹಿರಿಯರು ಕರೆ ಹೋಗಲಿಲ್ಲ ಅಂದುಕೊಂಡು ಇಟ್ಟುಬಿಡುತ್ತಾರೆ. ಗುಂಡಿ ಫೋನಿನಲ್ಲಾದರೆ ಕೊನೆಗೆ ಹ್ಯಾಶ್ ಒತ್ತಿ ‘ಮುಗಿಯಿತು’ ಅಂತ ಹೇಳಬಹುದು. ಡಯಲ್‌ನಲ್ಲಿ ಹ್ಯಾಶ್ ಎಲ್ಲಿಂದ ಬರಬೇಕು? ಉತ್ತರ ಇರುವುದು ಅಡಾಪ್ಟರಿನ ಡಯಲ್ ಪ್ಲಾನ್‌ನಲ್ಲಿ. ಯಾವ ಅಂಕಿಯಿಂದ ಶುರುವಾದರೆ ಒಟ್ಟು ಎಷ್ಟು ಅಂಕಿ ಇರಬೇಕು ಅನ್ನುವ ನಿಯಮ ಬರೆದಿಟ್ಟರೆ, ಕೊನೆಯ ಅಂಕಿ ಬಿದ್ದ ಕ್ಷಣವೇ ಕರೆ ಹೊರಡುತ್ತದೆ. ತುರ್ತು ಸಂಖ್ಯೆಗಳಿಗೆ ಬೇರೆ ಸಾಲು ಬರೆದೆ, ಅವು ಕಾಯದೆ ಹೋಗಬೇಕು.

ಆ ಡಯಲ್ ಪ್ಲಾನ್‌ನಲ್ಲೇ ಇನ್ನೊಂದು ಅನುಕೂಲ ಮಾಡಿಕೊಟ್ಟೆ. ಬೇರೆ ಯಾವ ನಂಬರೂ ಶುರುವಾಗದ ಎರಡೆರಡು ಅಂಕಿಗಳನ್ನು ಮಕ್ಕಳ, ಡಾಕ್ಟರ ನಂಬರುಗಳಿಗೆ ಹೊಂದಿಸಿದೆ. ಇಡೀ ನಂಬರಿಗೆ ಬದಲು ಎರಡು ಸಲ ತಿರುಗಿಸಿದರೆ ಸಾಕು. ಈ ಇಡೀ ಕೆಲಸದಲ್ಲಿ ಹಿರಿಯರು ಬಾಯಿಬಿಟ್ಟು ಮೆಚ್ಚಿದ್ದು ಇದೊಂದನ್ನೇ.

ಉಳಿದದ್ದು

ಮಾತಿನ ಸದ್ದಿಗೆ ಜಾಸ್ತಿ ಕೆಲಸ ಇರಲಿಲ್ಲ. ಇಂಥ ಫೋನಿನ ಮೈಕ್‌ನಲ್ಲಿ ಇರುವುದು ಇದ್ದಿಲಿನ ಹರಳುಗಳು. ವರ್ಷಗಟ್ಟಲೆ ಒಂದೇ ಕಡೆ ಕೂತು ಬಿಗಿದುಕೊಂಡಿದ್ದವು, ಆ ಕಡೆಯವರಿಗೆ ದನಿ ದೂರದಿಂದ ಬಂದಂತೆ ಕೇಳುತ್ತಿತ್ತು. ರಿಸೀವರನ್ನು ಅಂಗೈಗೆ ನಾಲ್ಕು ಸಲ ತಟ್ಟಿದರೆ ಸಡಿಲವಾದವು. ದನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ (ಕೋಡೆಕ್) ಜಿ.711 ಇಟ್ಟೆ. ಸೆಕೆಂಡಿಗೆ ದನಿಯ 8000 ಮಾದರಿ, 64 ಕಿಲೋಬಿಟ್. ಈ ಮೈಕ್ ಕೊಡುವ ದನಿಗೆ ಅಷ್ಟು ಸಾಕು.

ಮಾತಿನ ನಡುವೆ ‘ಕನ್ನಡಕ್ಕಾಗಿ 1 ಒತ್ತಿ’ ಅನ್ನುವಂಥ ಮೆನುಗಳಿಗೆ ಈ ಫೋನಿನಿಂದ ಉತ್ತರ ಕೊಡಲಾಗುವುದಿಲ್ಲ. ನಾವು ತಂದ ಅಡಾಪ್ಟರ್ ಪಲ್ಸ್ ಎಣಿಸುವುದು ಕರೆ ಶುರುವಾಗುವ ಮುಂಚೆ ಮಾತ್ರ. ಇದು ಬೇಕಿದ್ದರೆ ನಡುವೆ ಕನ್ವರ್ಟರನ್ನೂ ಹಾಕಬೇಕಿತ್ತು. ಹಿರಿಯರ ಬ್ಯಾಂಕ್ ಕೆಲಸ ನೋಡುವುದು ಮಗಳು, ಅದೂ ಬೇರೆ ಫೋನಿನಿಂದ. ಹಾಗಾಗಿ ಬಿಟ್ಟೆವು. ನನ್ನ ಪ್ರಕಾರ ಇಲ್ಲಿ ಅದು ಸರಿಯಾದ ಆಯ್ಕೆ.

ಕರೆಂಟ್ ಹೋದಾಗಿನ ಪ್ರಶ್ನೆಯನ್ನು ಮಾತ್ರ ಬಿಡುವಂತಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳು ಈಗ ಲೆಕ್ಕಕ್ಕಿಲ್ಲ. ಫೈಬರ್ ಪೆಟ್ಟಿಗೆ, ರೌಟರ್, ಅಡಾಪ್ಟರ್, ಮೂರಕ್ಕೂ ಮನೆಯ ಕರೆಂಟೇ ಬೇಕು. ಒಂದು ನಿಂತರೂ ಫೋನ್ ಮೌನ. ಮೂರನ್ನೂ ಒಂದು ಚಿಕ್ಕ ಯುಪಿಎಸ್‌ಗೆ ಸೇರಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಕರೆ ಹೋಗುತ್ತದಾ ಬರುತ್ತದಾ ಅಂತ ನೋಡಿದೆವು. ತುರ್ತು ಕರೆಗೆ ಮನೆಯ ವಿಳಾಸ ಸರಿಯಾಗಿ ದಾಖಲಾಗಿದೆಯಾ ಅಂತ ಸೇವೆ ಕೊಡುವವರನ್ನು ಕೇಳಿ ಖಚಿತ ಮಾಡಿಕೊಂಡರು. ಹಳೇ ಲೈನಿನಲ್ಲಿ ವಿಳಾಸ ತಂತಿಗೇ ಅಂಟಿಕೊಂಡಿತ್ತು. ಇಂಟರ್ನೆಟ್ ಖಾತೆಗೆ ಅದನ್ನು ಬೇರೆಯಾಗಿ ಹೇಳಬೇಕು.

ಸೆಟ್ಟಿಂಗುಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು, ಫೋನಿನ ತಳದ ತಟ್ಟೆಯ ಒಳಮೈಗೆ ಅಂಟಿಸಿದ್ದೇನೆ. ಪಲ್ಸ್ ಆನ್, ಗಂಟೆ 25 ಹರ್ಟ್ಸ್, ಕಾಯುವ ಹೊತ್ತು 12 ಸೆಕೆಂಡ್, ಡಯಲ್ ಪ್ಲಾನ್‌ನ ಸಾಲುಗಳು, ಬಿಡಿಸಿಟ್ಟ ತಂತಿ ಯಾವ ಸ್ಕ್ರೂನದು. ಅಡಾಪ್ಟರ್ ಬದಲಾದರೆ ಅಥವಾ ರೀಸೆಟ್ ಆದರೆ ಇವೆಲ್ಲಾ ಮತ್ತೆ ಹಾಕಬೇಕಾಗುತ್ತದೆ. ಹಾಕಿದ ಮೇಲೆ ಮೊದಲು 9 ಮತ್ತು 0 ತಿರುಗಿಸಿ ಲಾಗ್ ನೋಡಿ ಅಂತ ಮಗಳಿಗೆ ಹೇಳಿದ್ದೇನೆ. ಆ ಎರಡು ಸರಿ ಬಂದರೆ ಉಳಿದ ಅಂಕಿಗಳೂ ಸರಿ ಬರುತ್ತವೆ.